ಲೇಸರ್ ಇಟ್ಟ ಬೊಟ್ಟು

ದೊಡ್ಡಬಳ್ಳಾಪುರದ ಕಾರ್ಖಾನೆಯೊಂದರಲ್ಲಿ ನನ್ನದು ಲೇಸರ್ ಕೋಣೆ. ಯಂತ್ರಗಳೊಳಗೆ ತಿರುಗಿ ತಿರುಗಿ ಸವೆದ ಶಾಫ್ಟುಗಳು ನನ್ನ ಬಳಿ ಬರುತ್ತವೆ. ಲೋಹದ ಪುಡಿಯನ್ನು ಊದಿ, ಅದು ಬೀಳುವ ಜಾಗಕ್ಕೇ ಲೇಸರ್ ಬಿಟ್ಟರೆ ಪುಡಿ ಕರಗಿ ಶಾಫ್ಟಿಗೆ ಕಚ್ಚಿಕೊಳ್ಳುತ್ತದೆ. ಹೀಗೆ ಪದರದ ಮೇಲೆ ಪದರ ಕೂರಿಸಿ ಸವೆದದ್ದನ್ನು ತುಂಬುವುದು ನನ್ನ ಕೆಲಸ. ಪಕ್ಕದಲ್ಲಿರುವ ಸಣ್ಣ ಯಂತ್ರ ಸ್ಟೀಲಿನ ಮೇಲೆ ಅಕ್ಷರ, ಗುರುತು ಮೂಡಿಸುತ್ತದೆ. ಯಾವುದು ನಡೆಯುತ್ತಿದ್ದರೂ ಬಾಗಿಲ ಮೇಲೆ ಕೆಂಪು ದೀಪ ಹಾಕಬೇಕು. ದೀಪ ಉರಿಯುವಾಗ ಯಾರೂ ಒಳಗೆ ಬರುವಂತಿಲ್ಲ, ಕಣ್ಣಿಗೆ ಅಪಾಯ.

ಅಂದರೆ ದಿನವಿಡೀ ನಾನೊಬ್ಬನೇ. ಶುರು ಮಾಡಿದ ಪದರವನ್ನು ಅರ್ಧಕ್ಕೆ ನಿಲ್ಲಿಸಲಾಗದು, ಹಾಗಾಗಿ ನಾನು ಊಟಕ್ಕೆ ಹೋಗುವ ಹೊತ್ತಿಗೆ ಉಳಿದವರು ಕೈ ತೊಳೆದು ಎದ್ದಿರುತ್ತಾರೆ. ಸಂಜೆ ಬಸ್ಸು ಹಿಡಿದು ನಮ್ಮೂರು ಸಾಸಲಿಗೆ ಹೋದರೆ ಅಲ್ಲೂ ಅಷ್ಟೇ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಾಡುವುದು ಟಿವಿ ಒಂದೇ, ಅದಕ್ಕೂ ನನ್ನ ಮಾತು ಕೇಳುವ ವ್ಯವಧಾನವಿಲ್ಲ.

ವರ್ಷಕ್ಕೊಂದು ದಿನ, ಆಯುಧಪೂಜೆಯಂದು, ನನ್ನ ಕೋಣೆ ತುಂಬುತ್ತಿತ್ತು. ಯಂತ್ರದಿಂದ ಯಂತ್ರಕ್ಕೆ ಮಂಗಳಾರತಿ ಹೊತ್ತು ಬರುವ ಗುಂಪು ಕೊನೆಗೆ ಇಲ್ಲಿ ಬಂದು ನಿಲ್ಲುತ್ತಿತ್ತು. ಭಕ್ತಿಗಲ್ಲ, ಎಸಿ ಇದ್ದದ್ದು ಇಲ್ಲಿ ಮಾತ್ರ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕಡಲೆಪುರಿ ಮೆಲ್ಲುತ್ತಾ, ಕತ್ತಲೆ ಕೋಣೆಯ ಗೂಬೆ ಅಂತ ನನ್ನನ್ನು ಆಡಿಕೊಳ್ಳುತ್ತಿದ್ದರು. ಗೂಬೆ ಅನ್ನಿಸಿಕೊಳ್ಳುವುದಕ್ಕೇ ನಾನು ವರ್ಷವೆಲ್ಲಾ ಕಾಯುತ್ತಿದ್ದೆ.

ಹೋದ ಸಲ ಅದಕ್ಕೂ ಕಲ್ಲು ಬಿತ್ತು. ಪೂಜೆ ಮಾಡುವವರು ನಮ್ಮ ಸೂಪರ್‌ವೈಸರು, ವಯಸ್ಸಾದ ದೈವಭಕ್ತರು. ಯಂತ್ರದ ಹಣೆ ಎಲ್ಲಿದೆ ಎಂದು ಹುಡುಕಿ ಹುಡುಕಿ, ಲೇಸರ್ ಹೊರಬರುವ ಗಾಜಿಗೇ ಕುಂಕುಮ ಇಟ್ಟುಬಿಟ್ಟರು. ಹಬ್ಬ ಕಳೆದ ಮೇಲೆ ನಾನು ಒರೆಸಿದ್ದೆ, ಆದರೂ ಎಲ್ಲೋ ಒಂದು ಕಣ ಉಳಿದಿತ್ತು. ಯಂತ್ರ ಚಾಲೂ ಮಾಡಿದ ಕೂಡಲೇ ಆ ಕಣ ಸುಟ್ಟು ಗಾಜು ಬಿರಿಯಿತು. ಇನ್ನು ಆ ಕೋಣೆಯೊಳಗೆ ಕುಂಕುಮದ ಪುಡಿ, ಹೂವು, ಊದುಬತ್ತಿ ಯಾವುದೂ ಕೂಡದೆಂದು ಮ್ಯಾನೇಜರ್ ಹೇಳಿದರು.

ಈ ಸಲ ಹಬ್ಬ ಹತ್ತಿರವಾದಂತೆ, ಪೂಜೆಯೇ ಇಲ್ಲದಿದ್ದರೆ ಕೋಣೆಗೆ ಯಾರು ಬರುತ್ತಾರೆ ಎಂದು ನನಗೆ ಒಳಗೊಳಗೇ ಸಂಕಟ. ಪುಡಿಯಿಲ್ಲದ ಬೊಟ್ಟಿದ್ದರೆ ಪೂಜೆಗೆ ಅಡ್ಡಿಯೇನು ಎಂದು ಹೊಳೆದದ್ದು ಆಗಲೇ. ಲೇಸರಿನ ಶಾಖ ಹದವಾಗಿ ತಾಗಿಸಿದರೆ ಸ್ಟೀಲಿನ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಪೊರೆಯ ದಪ್ಪಕ್ಕೆ ತಕ್ಕಂತೆ ಹೊನ್ನಿನ ಬಣ್ಣ, ನೇರಳೆ, ನೀಲಿ. ಬಣ್ಣ ಬಳಿಯುವ ಗೋಜೇ ಇಲ್ಲ. ಚೂರು ತಗಡುಗಳ ಮೇಲೆ ಎಷ್ಟೋ ದಿನ ಪ್ರಯತ್ನಿಸಿದೆ. ಅಚ್ಚ ಕುಂಕುಮದ ಕೆಂಪು ಕೊನೆಗೂ ಬರಲಿಲ್ಲ. ಸಂಜೆ ಹೊತ್ತಿಗೆ ನನ್ನ ಹೆಂಡತಿಯ ಹಣೆಯಲ್ಲಿ ಉಳಿದಿರುತ್ತಿದ್ದ ಮಾಸಲು ಬಣ್ಣ ಬಂತು. ನನಗೆ ಅದೇ ಚೆನ್ನಾಗಿ ಕಂಡಿತು. ಒಂದು ತಗಡಿನ ಮೇಲೆ ಬಿಳಿಯ ಮೂರು ವಿಭೂತಿ ಗೆರೆ, ನಡುವೆ ಬೊಟ್ಟು ಮೂಡಿಸಿದೆ. ತಗಡನ್ನು ಯಂತ್ರದ ನೆತ್ತಿಗೆ ತಿರುಪು ಹಾಕಿ ಕೂರಿಸಿದೆ. ನೆಲ ಒರೆಸಿ, ಕೂರಲು ಚಾಪೆಯನ್ನೂ ಹಾಸಿದೆ.

ಹಬ್ಬದ ದಿನ ಗುಂಪು ಬಂದು ಬಾಗಿಲ ಹೊರಗೇ ನಿಂತಿತು. ನಾನೇ ಸೂಪರ್‌ವೈಸರನ್ನು ಒಳಗೆ ಕರೆದು ತೋರಿಸಿದೆ. ಅವರು ಬೊಟ್ಟನ್ನು ಬೆರಳಿನಿಂದ ಉಜ್ಜಿದರು. ಅಳಿಯಲಿಲ್ಲ. ಮುಖ ಅರಳಿತು.

"ಭಾರಿ ಕೆಲ್ಸ ಮಾಡ್ಬಿಟ್ಟೆ ಕಣಪ್ಪಾ. ಹೋದ್ಸಲದಿಂದ ನಂಗೂ ಮನ್ಸಲ್ಲಿ ಕೊರಗಿತ್ತು. ಬೊಟ್ಟು ಕಾಯಮ್ಮಾಗಿ ಐತಲ್ಲ, ಇನ್ಮೇಲೆ ನಾವ್ಯಾರೂ ಒಳಕ್ಕೆ ಬರೋ ಅಗತ್ಯಾನೇ ಇಲ್ಲ ಬಿಡು."

ಅವರು ಹೊರಗೆ ಹೋಗಿ ಕಪ್ಪು ಗಾಜಿನ ಬಾಗಿಲಾಚೆಯಿಂದಲೇ ಆರತಿ ಎತ್ತಿದರು. ಯಾರೋ ಬಾಗಿಲು ಸರಿಸಿ ಪುರಿಯ ಪೊಟ್ಟಣ ಕೊಟ್ಟು ಹೋದರು. ಗೇಟಿನ ಬಳಿ ಬೂದುಗುಂಬಳ ಒಡೆದ ಸದ್ದು, ಅದರ ಹಿಂದೆಯೇ ನಗು ಕೇಳಿಸಿತು.

ಚಾಪೆಯ ಮೇಲೆ ಕೂತು ಪೊಟ್ಟಣ ಬಿಚ್ಚಿದೆ. ಅಂದು ಯಂತ್ರಕ್ಕೂ ರಜೆ. ಆದರೂ ಎದ್ದು ಹೋಗಿ ಬಾಗಿಲ ಮೇಲಿನ ಕೆಂಪು ದೀಪ ಹಾಕಿದೆ. ಯಾರೂ ಬರದಿರುವುದಕ್ಕೆ ಒಂದು ಕಾರಣವಾದರೂ ಇರಲಿ ಅನ್ನಿಸಿತು.