ಅಂಗಳದ ಸಡಿಲು ಫರ್ಸಿ

ನಮ್ಮ ಮನೆಯವರು ಸುಮ್ಮಸುಮ್ಮನೆ ನಡೆಯುವವರಲ್ಲ. ಬೆಳಿಗ್ಗೆ ಎದ್ದು ಕೈ ಬೀಸಿಕೊಂಡು ರಸ್ತೆಗುಂಟ ಹೋಗಿ, ಏನನ್ನೂ ತರದೆ, ಯಾರನ್ನೂ ಕಾಣದೆ ತಿರುಗಿ ಬರುವ ಜನರನ್ನು ಕಂಡರೆ ಅವರಿಗೆ ಇವತ್ತಿಗೂ ನಗು. ಹಾಗಂತ ಅವರು ಕೂತು ತಿಂದವರೂ ಅಲ್ಲ. ವಾಡಿಯಲ್ಲಿ ರೈಲ್ವೆ ಕೀಮ್ಯಾನ್ ಆಗಿದ್ದವರು. ಹಳಿಯನ್ನು ಬಿಗಿ ಹಿಡಿಯುವ ಕೀಲಿಗಳು ಎಲ್ಲಾದರೂ ಸಡಿಲಾಗಿವೆಯೇನು ಎಂದು ನೋಡುತ್ತ, ಹೆಗಲ ಮೇಲೆ ಸುತ್ತಿಗೆ ಹೊತ್ತು, ನೌಕರಿ ಇರುವ ತನಕ ದಿನಾಲೂ ನಡೆದವರು. ಹೋಗುವಾಗ ಒಂದು ಹಳಿ ನೋಡುವುದು, ಬರುವಾಗ ಇನ್ನೊಂದು ಹಳಿ. ಬಡಿದರೆ ಬಿಗಿ ಇದ್ದದ್ದು ಟಣ್ ಅನ್ನುತ್ತದೆ, ಸಡಿಲಾದದ್ದು ಡಬ್ ಅನ್ನುತ್ತದೆ. ನಿವೃತ್ತರಾದ ಮೇಲೂ ಸಂಜೆ ಪ್ಲಾಟ್‌ಫಾರ್ಮಿನ ತುದಿ ತನಕ ಹೋಗಿ ಹಳಿ ನೋಡಿ ಬಂದರೇನೇ ಅವರಿಗೆ ಊಟ ಸೇರುತ್ತಿತ್ತು. ಅದನ್ನು ವಾಕಿಂಗ್ ಅಂದರೆ ಸಿಟ್ಟಿಗೇಳುತ್ತಿದ್ದರು. ಅದು ಡ್ಯೂಟಿ.

ಲಾಕ್‌ಡೌನ್ ಬಂದ ಆ ಬೇಸಿಗೆಯಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತವು. ಸ್ಟೇಷನ್ನಿನ ಗೇಟು ಮುಚ್ಚಿತು. ಗಾಡಿಯ ಸದ್ದಿಲ್ಲದೆ ನಿದ್ದೆ ಮಾಡುವುದು ವಾಡಿಯ ಜನಕ್ಕೆ ಗೊತ್ತೇ ಇಲ್ಲ. ಆಗೊಮ್ಮೆ ಈಗೊಮ್ಮೆ ಗೂಡ್ಸ್ ಹೋದರೆ ಇವರು ಹೊಸ್ತಿಲಿಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದರು. ಹೀಗಿರುವಾಗ ಶಹಾಬಾದದಿಂದ ಒಂದು ಸುದ್ದಿ ಬಂತು. ಇವರ ಜೊತೆ ಅದೇ ಲೈನಿನ ಮೇಲೆ ವರ್ಷಗಟ್ಟಲೆ ದುಡಿದ, ಒಂದೇ ಬುತ್ತಿಯ ರೊಟ್ಟಿ ಮುರಿದು ಉಂಡ ಗೆಳೆಯ ತೀರಿಹೋಗಿದ್ದರು. ನಮ್ಮ ಕಡೆ ಮದುವೆಗೆ ಹೋಗದಿದ್ದರೂ ನಡೆದೀತು, ಮಣ್ಣಿಗೆ ಹೋಗದಿದ್ದರೆ ನಡೆಯದು. ಇವರು ಧೋತರ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟೇಬಿಟ್ಟರು. ಊರ ಹೊರಗೆ ರಸ್ತೆಗೆ ಅಡ್ಡ ಕಟ್ಟಿದ್ದ ಬಿದಿರಿನ ಹತ್ತಿರ ಪೊಲೀಸರು ಕೈಮುಗಿದು ತಿರುಗಿ ಕಳಿಸಿದರು.

ಮನೆಗೆ ಬಂದು ಹೊರಸಿನ ಮೇಲೆ ಕೂತವರು ಹೆಗಲ ಟವೆಲ್ ತೆಗೆದಿಟ್ಟು ಒಂದೇ ಮಾತು ಆಡಿದರು. “ಒಂದ್ ಹಿಡಿ ಮಣ್ಣ ಹಾಕಲಿಕ್ಕ ಆಗಲಿಲ್ಲಲ್ಲ.”

ಆಮೇಲೆ ಮಲಗಿದರು. ಸ್ನಾನಕ್ಕೆ, ಊಟಕ್ಕೆ ಬಿಟ್ಟರೆ ಏಳಲಿಲ್ಲ. ಮೊದಲು ನಾನೂ ಇರಲಿ, ದುಃಖ ಇಳಿಯಲಿ ಎಂದು ಬಿಟ್ಟೆ. ಆದರೆ ಇಳಿದದ್ದು ದುಃಖವಲ್ಲ, ಕಾಲಿನ ಶಕ್ತಿ. ಪಾದ ಬಾತುಕೊಂಡವು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯತೊಡಗಿದರು. ಸೇಡಂನಲ್ಲಿರುವ ಮಗಳು ಫೋನಿನಲ್ಲಿ, “ಅವ್ವಾ, ಅಪ್ಪಗ ಹ್ಯಾಂಗರ ಮಾಡಿ ನಡಸು. ಸಕ್ರಿ ಬ್ಯಾನಿ ಇದ್ದವರು ಹಿಂಗ ಮಲಗಿದ್ರ ಮುಂದ ಏಳಲಿಕ್ಕ ಆಗಂಗಿಲ್ಲಂತ ಡಾಕ್ಟರ್ ಹೇಳ್ಯಾರ” ಎಂದಳು. ಫೋನು ಇಟ್ಟು ಅಡಿಗೆ ಮನೆಗೆ ಹೋಗಿ ಅತ್ತುಬಿಟ್ಟೆ. ನನ್ನ ಕಣ್ಣ ಮುಂದೆಯೇ ಈ ಮನುಷ್ಯ ಹೊರಸಿಗೆ ಅಂಟಿಕೊಳ್ಳುತ್ತಾರೆ, ಇನ್ನು ಆ ಕಾಲುಗಳು ನೆಲಕ್ಕೆ ಊರುವುದಿಲ್ಲ ಎಂದು ನನಗೆ ಬಹಳ ಹೆದರಿಕೆಯಾಗಿತ್ತು.

ಅತ್ತು ಕೂಡುವ ಜಾತಿಯವಳು ನಾನಲ್ಲ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಮಕ್ಕಳಿಗೆ ಕವಾಯತು ಮಾಡಿಸಿದ ಗಂಟಲು ಇನ್ನೂ ಹಾಗೇ ಇತ್ತು. ಮರುದಿನ ಹೊರಸಿನ ಮುಂದೆ ನಿಂತು, “ಏಳ್ರಿ. ಕೈ ಮ್ಯಾಲೆತ್ರಿ. ಒಂದು, ಎರಡು” ಎಂದು ಶುರು ಮಾಡಿದೆ.

“ನಾ ಏನ್ ಒಂದನೇ ಇಯತ್ತೆ ಹುಡುಗ ಇದ್ದೀನೇನು? ಸುಮ್ ಕೂಡು” ಎಂದು ಗೋಡೆಯ ಕಡೆ ಹೊರಳಿದರು.

ಮಗಳು ಮೊಬೈಲಿಗೆ ವ್ಯಾಯಾಮದ ವಿಡಿಯೋ ಕಳಿಸಿದಳು. ಅದರಲ್ಲಿ ಒಬ್ಬ ಮುದುಕ ನಗುನಗುತ್ತ ಕುರ್ಚಿ ಹಿಡಿದು ಕಾಲು ಎತ್ತುತ್ತಿದ್ದ. “ಇವಗ ಬ್ಯಾರೆ ಕೆಲಸ ಇಲ್ಲೇನು?” ಎಂದರು. ಬುದ್ಧಿ ಹೇಳಿದೆ, ಬೈದೆ, ನನ್ನ ಆಣೆ ಇಟ್ಟೆ. ಎಲ್ಲವೂ ಕಿವುಡನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ದಾರಿ ತೋರಿಸಿದ್ದು ನಮ್ಮ ಅಂಗಳ. ಮನೆ ಕಟ್ಟಿಸುವಾಗ ಶಹಾಬಾದದಿಂದ ಫರ್ಸಿ ಕಲ್ಲು ತರಿಸಿ ಅಂಗಳಕ್ಕೆ ಹಾಸಿದ್ದೆವು. ಸುತ್ತಲೂ ಸಿಮೆಂಟಿನ ಫ್ಯಾಕ್ಟರಿಗಳಿದ್ದರೂ ನಮ್ಮ ಅಂಗಳಕ್ಕೆ ಸಿಮೆಂಟ್ ಸೋಕಿಲ್ಲ. ಕಲ್ಲುಗಳು ಬರೀ ಉಸುಕಿನ ಮೇಲೆ ಕೂತಿವೆ. ಒಂದು ಮುಂಜಾನೆ ಕೊಡ ಹೊತ್ತು ಬರುವಾಗ ಒಂದು ಫರ್ಸಿ ಕಾಲ ಕೆಳಗೆ ಅಲುಗಾಡಿ ಡಬ್ ಅಂದಿತು.

ಒಳಗಿನಿಂದ ಅವರ ದನಿ ಬಂತು. “ಯಾವ್ದದು? ಸಡಲಾಗ್ಯಾದ ನೋಡು.”

ಎಷ್ಟೋ ದಿನಗಳ ಮೇಲೆ ಯಾರೂ ಕೇಳದೆ ಅವರಾಗಿಯೇ ಆಡಿದ ಮಾತು ಅದು. ಕೊಡ ಇಳಿಸಿ ನಿಂತೆ. “ನನಗೇನ್ ತಿಳೀತದ್ರಿ? ನೀವೇ ಬಂದು ನೋಡ್ರಿ” ಎಂದೆ.

ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು, ಗೋಡೆ ಹಿಡಿದು ಬಂದರು. ಕೋಲಿನ ತುದಿಯ ಕಬ್ಬಿಣದಿಂದ ಒಂದೊಂದೇ ಕಲ್ಲು ಬಡಿಯುತ್ತ, ತಲೆ ಓರೆ ಮಾಡಿ ಕೇಳುತ್ತ ಹೋದರು. ಸಡಿಲಿದ್ದದ್ದು ಸಿಕ್ಕಿತು. ನನ್ನ ಕೈಯಿಂದ ಉಸುಕು ತರಿಸಿ, ಸಂದಿಯಲ್ಲಿ ತುರುಕಿ, ಮತ್ತೆ ಬಡಿದು ನೋಡಿದರು. ಟಣ್. ಅಷ್ಟಕ್ಕೇ ಏದುಸಿರು ಬಂದಿತ್ತು, ಹಣೆಯ ಮೇಲೆ ಬೆವರಿತ್ತು. ಆದರೂ ಆ ದಿನ ಅರ್ಧ ರೊಟ್ಟಿ ಹೆಚ್ಚಿಗೆ ಉಂಡರು. ನನಗೆ ಹಬ್ಬದಡಿಗೆ ಮಾಡಿದಷ್ಟು ಸಂತೋಷವಾಯಿತು.

ಮರುದಿನ ಮತ್ತೆ ಮಲಗಿದರು. ಕೇಳಿದರೆ, “ಈಗ ಎಲ್ಲಾ ಬರೋಬ್ಬರಿ ಅದ ಅಲ್ಲ?” ಅಂದರು.

ಬರೋಬ್ಬರಿ ಇದ್ದದ್ದೇ ತಕಲೀಫ್ ಎಂದು ಆಗ ಹೊಳೆಯಿತು. ಅದರ ಮರುದಿನ ಅವರು ಏಳುವ ಮೊದಲೇ ಕಳೆ ತೆಗೆಯುವ ಖುರ್ಪಿ ಹಿಡಿದು ಅಂಗಳಕ್ಕೆ ಹೋದೆ. ಒಂದು ಫರ್ಸಿಯ ಮೂಲೆಯ ಕೆಳಗಿಂದ ಉಸುಕು ಕೆದರಿ ತೆಗೆದೆ. ತುಳಿದು ನೋಡಿದೆ, ಛಲೋ ಡಬ್ ಅಂದಿತು. ಆಮೇಲೆ ಏನೂ ಅರಿಯದವಳಂತೆ ಚಹಾ ಕೊಡುತ್ತ, “ಇನ್ನೊಂದು ಸಡಲಾಗ್ಯಾದಂತ ಕಾಣ್ತದ್ರಿ” ಎಂದೆ.

ಹೀಗೆ ನಡೆಯಿತು ನಮ್ಮ ವ್ಯಾಯಾಮ. ದಿನಾ ಒಂದು ಕಲ್ಲು ನಾನು ಸಡಿಲು ಮಾಡುವುದು, ಅವರು ಅಂಗಳವೆಲ್ಲ ತಿರುಗಿ ಹುಡುಕಿ ಗಟ್ಟಿ ಮಾಡುವುದು. ಹತ್ತಿರದ ಕಲ್ಲಿನಿಂದ ಶುರು ಮಾಡಿ ಮೆಲ್ಲಗೆ ಹಿತ್ತಲಿನ ತನಕ ಒಯ್ದೆ. ಹೋಗುವಾಗ ಎಡಗೋಡೆಗುಂಟ, ಬರುವಾಗ ಬಲಗೋಡೆಗುಂಟ. ಹಳೆಯ ಚಾಳಿ. ಗೋಡೆ ಹಿಡಿಯುವುದು ಬಿಟ್ಟಿತು, ಪಾದದ ಬಾವು ಇಳಿಯಿತು. ಒಂದು ದಿನ ಕೋಲು ಊರಿ ನಿಂತು ಗೆಳೆಯನ ಮಾತು ತೆಗೆದರು. ಸುಡು ಬಿಸಿಲಿನಲ್ಲಿ ಇಬ್ಬರೂ ಹಳಿಯ ಪಕ್ಕ ಬೇವಿನ ಗಿಡದ ಕೆಳಗೆ ಕೂತು ಉಂಡದ್ದು, ಆ ಗೆಳೆಯ ಹಿಂಡಿ ಪಲ್ಯದಲ್ಲಿನ ಮೆಣಸಿನಕಾಯಿ ಆರಿಸಿ ಇವರ ರೊಟ್ಟಿಯ ಮೇಲೆ ಇಡುತ್ತಿದ್ದದ್ದು. ಹೇಳುತ್ತ ಹೇಳುತ್ತ ಅತ್ತರು. ನಿಂತುಕೊಂಡೇ ಅತ್ತರು. ಹೊರಸಿನ ಮೇಲೆ ಒಣಗಿಹೋಗಿದ್ದ ಅಳು ಅದು. ನಾನು ಹತ್ತಿರ ಹೋಗಿ ಬೆನ್ನು ಸವರಿದೆ.

ಒಮ್ಮೊಮ್ಮೆ ಕಲ್ಲಿನ ಸಂದಿಯನ್ನು ಬಗ್ಗಿ ನೋಡಿ, “ಇಲಿ ಆಗ್ಯಾವೇನು? ಭಾರಿ ಕೆದರಲಿಕತ್ತಾವ” ಅನ್ನುತ್ತಿದ್ದರು. ಕಳ್ಳನ ಜೀವ ಹುಳ್ಳುಳ್ಳಗೆ. “ಹೌದ್ರಿ, ಈ ವರ್ಷ ಇಲಿ ಭಾಳ ಆಗ್ಯಾವ” ಎಂದು ಸೆರಗು ಕೊಡವಿ ಒಳಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಅಂಗಳದಲ್ಲಿ ಸಂಡಿಗೆ ಒಣಗಲು ಹಾಕಿದ್ದೆ. ಧೂಳೆಬ್ಬಿಸಿಕೊಂಡು ಗಾಳಿ ಬಂತು. ಸಂಡಿಗೆಯ ಸೀರೆ ಎತ್ತಲು ಓಡಿದೆ. ಮುಂಜಾನೆ ನಾನೇ ಕೆದರಿದ್ದ, ಅವರಿಗೆ ಇನ್ನೂ ಸಿಗದಿದ್ದ ಕಲ್ಲು ಕಾಲ ಕೆಳಗೆ ವಾಲಿತು. ಅನ್ನುತ್ತಾರಲ್ಲ, ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಎಂದು. ಅದು ಗಾದೆಯಲ್ಲ, ನನ್ನದೇ ಚರಿತ್ರೆ. ಪಾದ ತಿರುಚಿ ಕೂತುಬಿಟ್ಟೆ. ನನ್ನ ಕೂಗು ಕೇಳಿ ಅವರು ಬಂದದ್ದು ಹೇಗೆಂದರೆ, ಕೋಲು ಒಳಗೆ ಹೊರಸಿನ ಹತ್ತಿರವೇ ಬಿದ್ದಿತ್ತು.

ಎಲುಬು ಮುರಿದಿರಲಿಲ್ಲ, ಉಳುಕಿತ್ತು. ಆದರೂ ಕಾಲು ಊರಬೇಡಿ ಎಂದು ಡಾಕ್ಟರ್ ಫೋನಿನಲ್ಲಿ ಹೇಳಿದರು. ಈಗ ಹೊರಸು ನನ್ನದಾಯಿತು. ಅಡಿಗೆ ಮನೆಯ ಹೊಸ್ತಿಲು ದಾಟದ ಮನುಷ್ಯ ಅನ್ನಕ್ಕೆ ಇಟ್ಟರು, ಬೇಳೆ ಸೀಯಿಸಿದರು, ಕಾಲಿಗೆ ಬಿಸಿ ಕಾವು ಕೊಟ್ಟರು. ಉಳಿದ ಹೊತ್ತಿನಲ್ಲಿ ಅಂಗಳದ ಕಲ್ಲುಗಳನ್ನೆಲ್ಲ ಮತ್ತೊಮ್ಮೆ ಬಡಿದು ಗಟ್ಟಿ ಮಾಡಿದರು. ಯಾಕೆ ಬಿದ್ದೆ, ಹೇಗೆ ಬಿದ್ದೆ ಎಂದು ಒಂದು ಮಾತೂ ಕೇಳಲಿಲ್ಲ. ಖುರ್ಪಿಯನ್ನು ಮಾತ್ರ ತೊಳೆದು ಅದರ ಜಾಗದಲ್ಲಿ ತೂಗುಹಾಕಿದರು.

ಬಾವು ಇಳಿಯಿತು, ಡಾಕ್ಟರು ಇನ್ನು ನಡೆಯಿರಿ ಎಂದರು. ನಡೆದರೆ ತಾನೆ! ಅಂಗಳ ಕಂಡರೆ ಹೆದರಿ ಹೊಸ್ತಿಲಿನಿಂದಲೇ ತಿರುಗುತ್ತಿದ್ದೆ. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಹೊರಸಿನ ಮೇಲೆ ಕೂತೇ ಕಾಳು ಆರಿಸುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳಿದ ನನಗೆ ಮಗಳು ಫೋನಿನಲ್ಲಿ ಬುದ್ಧಿ ಹೇಳುವಂತಾಯಿತು. ಇವರು ಕವಾಯತೂ ಮಾಡಿಸಲಿಲ್ಲ, ಆಣೆಯನ್ನೂ ಇಡಲಿಲ್ಲ.

ಒಂದು ಮುಂಜಾನೆ ಚಹಾ ತಂದು ಕೊಟ್ಟು, “ಹಿತ್ತಲದಾಗ ಮಲ್ಲಿಗಿ ಬಳ್ಳಿ ಹತ್ರ ಒಂದ್ ಫರ್ಸಿ ಸಡಲಾಗ್ಯಾದ” ಎಂದರು.

“ನೀವು ಎಲ್ಲಾ ಗಟ್ಟಿ ಮಾಡೀರಲ್ಲ?”

“ಮಾಡಿದ್ದೆ. ನನ್ನ ಕಿವಿ ಈಗ ಮೊದಲಿನಂಗ ಇಲ್ಲ. ನೀ ಬಂದು ತುಳಿದು ನೋಡಬೇಕು.”

ಅವರ ಕಿವಿ ಕೆಟ್ಟಿತೇ ಎಂದು ಗಾಬರಿಯಾಗಿ ಎದ್ದೆ. ಅವರ ತೋಳು ಹಿಡಿದು, ಎಡಗೋಡೆಗುಂಟ, ಒಂದೊಂದು ಕಲ್ಲನ್ನೂ ಹಾವೇನೋ ಎಂಬಂತೆ ಅನುಮಾನದಿಂದ ನೋಡುತ್ತ ಹೋದೆ. ಮಲ್ಲಿಗೆಯ ಹತ್ತಿರ ಮುಟ್ಟಿದೆವು. ಅವರು ತೋರಿಸಿದ ಕಲ್ಲನ್ನು ಮೊದಲು ಬೆರಳಿನಿಂದ ತುಳಿದೆ, ಆಮೇಲೆ ಪೂರಾ ಪಾದ ಊರಿದೆ. ಮಿಸುಕಲಿಲ್ಲ. ಇನ್ನೊಂದು ಪಾದವನ್ನೂ ಇಟ್ಟು ಸರಿಯಾಗಿ ನಿಂತೆ.

“ಎಲ್ಲಿ ಸಡಲಾಗ್ಯಾದ್ರಿ? ಗಟ್ಟೇ ಅದಲ್ಲ ಇದು!”

“ಹೌದು, ಗಟ್ಟೇ ಅದ” ಎಂದರು. “ನಾ ನಿನ್ನಂಗ ಕೆದರಲಿಲ್ಲ ನೋಡು. ಹಂಗೇ ಇಲ್ಲಿ ತನಕ ನಡಸ್ಕೊಂಡು ಬಂದೆ.”

ಹಾಗಾದರೆ ಇಲಿಯ ಮಾತು? ಮುಖ ನೋಡಿದೆ. ಮೀಸೆಯ ಕೆಳಗೆ ನಗು ತಡೆದುಕೊಂಡಿದ್ದರು. ನಾನು ಕೆದರಿದ ಮೊದಲ ದಿನದಿಂದಲೇ ಗೊತ್ತಿದ್ದೂ, ನನ್ನ ಸಲುವಾಗಿ ದಿನಾ ಏಳುತ್ತಿದ್ದರು. ನನಗೆ ನಾಚಿಕೆಯೂ ಬಂತು, ಅಳುವೂ ಬಂತು, ಎರಡಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿ ಬಂತು.

ತಿರುಗಿ ಹೋಗಲು ಬಂದ ದಾರಿಗೇ ಹೊರಳಿದೆ. ಅವರು ತೋಳು ಎಳೆದು ನಿಲ್ಲಿಸಿದರು.

“ಆ ಕಡಿ ಅಲ್ಲ. ಬರೂಮುಂದ ಇನ್ನೊಂದ್ ಹಳಿ” ಎಂದು ಬಲಗೋಡೆಯ ಕಡೆ ನನ್ನನ್ನು ತಿರುಗಿಸಿಕೊಂಡರು.