ಮೂರು ಕೋಡಿನ ಎತ್ತು

ಆಯಿಲ್ ಪೇಂಟಿನ ಡಬ್ಬಿಯ ಮುಚ್ಚಳ ಎಬ್ಬಿಸಿದಾಗ ಬರುವ ಘಾಟು ನನ್ನ ಗಂಡನಿಗೆ ತಲೆನೋವು ತರಿಸುತ್ತದೆ. ನನ್ನನ್ನು ಮಾತ್ರ ತಿಕೋಟಾದ ನಮ್ಮ ಹಳೆಯ ಮನೆಯ ಪಡಸಾಲೆಗೆ ಒಯ್ದು ಕೂರಿಸುತ್ತದೆ. ವಿಜಯಪುರದ ಈ ಮನೆಯಲ್ಲಿ ಭಾನುವಾರ ಬಂತೆಂದರೆ ನಾನು ಡೈನೋಸಾರ್ ಮಾಡುತ್ತ ಕೂಡುತ್ತೇನೆ. ತಂತಿಯ ಎಲುಬುಗೂಡು, ಅದರ ಮೇಲೆ ಒಣಗಿದರೆ ಕಲ್ಲಾಗುವ ಪುಟ್ಟಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒತ್ತಿದ ಚರ್ಮದ ಸುಕ್ಕು, ಗಾಂಧಿ ಚೌಕದಿಂದ ತಂದ ಬಣ್ಣ. ಆನೆಗಿಂತ ದೊಡ್ಡ ಪ್ರಾಣಿ ಅಂಗೈಯಲ್ಲಿ ನಿಲ್ಲಬೇಕು, ಆದರೂ ಅದರ ತೂಕ ನೋಡುವವರ ಕಣ್ಣಿಗೆ ತಿಳಿಯಬೇಕು. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಮೊಬೈಲಿನಲ್ಲಿ ನೋಡಿ ಎನ್ನುತ್ತೇನೆ. ಅದು ಅರ್ಧ ನಿಜ. ಮಣ್ಣಿಗೆ ಕೈ ಹಚ್ಚಿಸಿದವಳು ಅಪ್ಪನ ಅಕ್ಕ, ಗೌರತ್ತೆ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬೇಕು.

ಗೌರತ್ತೆಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಉಳಿದಳು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೆಲಸ ಅವಳದೇ, ಬೇರೆಯವರು ಕೈ ಹಾಕುವಂತಿರಲಿಲ್ಲ. ಹೊಲದ ಎರೆಮಣ್ಣಿಗೆ ಬಿರಿಯದಿರಲೆಂದು ಅರಳೆ ಸೇರಿಸಿ ಕುಟ್ಟಿ ಹದ ಮಾಡುತ್ತಿದ್ದಳು. "ಮೊದಲ ಕಾಲು ನಿಂದ್ರಸು, ಚಂದ ಆಮ್ಯಾಲೆ ನೋಡೂನು" ಎನ್ನುವುದೊಂದೇ ಅವಳ ಪಾಠ. ನಾಲ್ಕನೇ ಇಯತ್ತೆಯಲ್ಲಿದ್ದ ನಾನು ಬಿಸ್ಕೀಟಿನ ಪೊಟ್ಟಣದ ಮೇಲಿನ ಚಿತ್ರ ನೋಡಿ, ಅವಳು ಕೊಟ್ಟ ಮುದ್ದೆಯಲ್ಲಿ ಮೂರು ಕೊಂಬಿನ ಡೈನೋಸಾರ್ ಮಾಡಿದೆ. ಒಣಗಲೆಂದು ಅವಳ ಎತ್ತುಗಳ ಪಕ್ಕದಲ್ಲೇ ಇಟ್ಟೆ.

ಅಜ್ಜನ ಕಣ್ಣು ಆಗಲೇ ಮಂಜಾಗಿತ್ತು. ಅಮಾವಾಸ್ಯೆಯ ದಿನ ಸಾಲಿನಲ್ಲಿದ್ದ ಎತ್ತುಗಳಿಗೆ ವಿಭೂತಿ ಹಚ್ಚುತ್ತ ಬಂದವನು ನನ್ನದಕ್ಕೂ ಹಚ್ಚಿ, ಹೋಳಿಗೆಯ ಎಡೆ ತೋರಿಸಿಬಿಟ್ಟ. ಪೂಜೆಯಾದ ಮಣ್ಣು ಮನೆಯಲ್ಲಿ ಉಳಿಯಬಾರದು, ಮರುದಿನ ಬಾವಿಗೆ ಬಿಡಲೇಬೇಕು. ಮರುದಿನ ನಾನು ಅದನ್ನು ಎದೆಗವಚಿಕೊಂಡು ಜೋಳದ ಚೀಲಗಳ ಹಿಂದೆ ಕೂತು ಅಳತೊಡಗಿದೆ. ಅಜ್ಜ ಬುಟ್ಟಿ ಹಿಡಿದು ನಿಂತಿದ್ದ. ಗೌರತ್ತೆ ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡು ಅವನ ಮುಂದೆ ಹಿಡಿದಳು.

"ಯಪ್ಪಾ, ಇದು ಎತ್ತಲ್ಲ. ಕೋಡು ಮುಟ್ಟಿ ನೋಡು."

ಅಜ್ಜ ಬೆರಳಾಡಿಸಿದ. ಹುಬ್ಬಿನ ಮೇಲೆ ಎರಡು, ಮೂಗಿನ ಮೇಲೆ ಇನ್ನೊಂದು. "ಮೂರು ಕೋಡಿನ ಎತ್ತು ಯಾವ ಸಂತ್ಯಾಗ ತಂದೀಬೇ?"

"ಅದನ್ನ ಹೇಳಾಕತ್ತೇನಿ. ನೀ ಎತ್ತಿಗಂತ ಮಾಡಿದ ಪೂಜಿ ಇದಕ್ಕ ಮುಟ್ಟಿಲ್ಲ. ಹುಡುಗಿ ಹಂತೇಕ ಇರಲಿ ಬಿಡು."

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾರ ಹೋಳಗಿ ಎಡಿ ಪುಕ್ಕಟ ತಿಂತಲ್ಲಲೇ ಇದು!" ಎಂದು ಎತ್ತುಗಳನ್ನಷ್ಟೇ ಒಯ್ದ. ಎರಡು ವಾರದ ಹಿಂದೆ ಕಾರಹುಣ್ಣಿಮೆಗೆ ಕೊಟ್ಟಿಗೆಯ ಎತ್ತುಗಳ ಕೊಂಬಿಗೆ ಹಚ್ಚಿ ಉಳಿದಿದ್ದ ಹಸಿರು ಆಯಿಲ್ ಪೇಂಟನ್ನು ಗೌರತ್ತೆಯೇ ಹುಡುಕಿ ಕೊಟ್ಟಳು. ವಿಭೂತಿ ಕಾಣದಷ್ಟು ದಪ್ಪ ಬಳಿದೆ. ಅದು ಈಗಲೂ ನನ್ನ ಕಪಾಟಿನಲ್ಲಿದೆ, ಒಂದು ಕಾಲು ಸ್ವಲ್ಪ ಗಿಡ್ಡ.

ಆ ಮನೆ ಈಗಿಲ್ಲ. ಅಜ್ಜ ಹೋದ, ಅಪ್ಪ ಕಾಕಾಂದಿರು ಬೇರೆಯಾದರು, ಪಡಸಾಲೆ ಇದ್ದಲ್ಲಿ ಒಣದ್ರಾಕ್ಷಿಯ ಗೋದಾಮು ಎದ್ದಿದೆ. ಗೌರತ್ತೆ ಕೊನೆಯ ವರ್ಷಗಳಲ್ಲಿ ನನ್ನ ಜೊತೆಗಿದ್ದಳು. ಒಮ್ಮೆ ಕೇಳಿದೆ: "ಅತ್ತೀ, ನನಗೊಂದು ಎತ್ತು ಮಾಡಿ ಕೊಡು. ಪೂಜಿ ಬ್ಯಾಡ. ಹಂಗಽ ಇಟ್ಕೋತೇನಿ."

"ಪೂಜಿ ಇಲ್ಲದ ಎತ್ತು ಯಾಕ ಮಾಡ್ಲಿಬೇ? ಅಮಾಸಿ ಬರಲಿ, ಮಾಡೂನು."

ಅಮಾವಾಸ್ಯೆ ಬಂತು. ನಡುಗುವ ಕೈಯಲ್ಲೇ ಒಂದು ಜೋಡಿ ಮಾಡಿದಳು, ಎಂಟೂ ಕಾಲು ನೆಲಕ್ಕೆ ಸರಿಯಾಗಿ ಊರಿದವು. ಪೂಜೆ ಮಾಡಿದಳು. ಮರುದಿನ, ಇಲ್ಲಿ ಬಾವಿ ಇಲ್ಲವೆಂದು, ಬಕೆಟ್ಟಿನ ನೀರಿಗೆ ಬಿಟ್ಟಳು. ಮಣ್ಣು ಕರಗುವವರೆಗೂ ಇಬ್ಬರೂ ಪಕ್ಕದಲ್ಲೇ ಕೂತಿದ್ದೆವು. ಮುಂದಿನ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ಅವಳಿರಲಿಲ್ಲ.

ಮನೆಗೆ ಬಂದವರು ಕಪಾಟಿನ ಮುಂದೆ ನಿಂತು, ಎಲ್ಲಾ ನೀವೇ ಮಾಡಿದ್ದೇನ್ರಿ ಎಂದು ಕೇಳುತ್ತಾರೆ. ಹೌದು, ಎಲ್ಲ ನನ್ನವೇ. ಅವಳ ಕೈಯದು ಒಂದೂ ಇಲ್ಲ.