ಕೌದಿಯ ಹೊಟ್ಟೆ

ಮುದುಕಮ್ಮನ ಬಗ್ಗೆ ಹೇಳಲು ಕೂತರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಅರ್ಧ ಆಕೆಯ ಮೇಲೆ, ಅರ್ಧ ಆ ಕಸ್ಟಮ್ಸ್‌ನವರ ಮೇಲೆ. ನಾನು ಮುಕ್ತಿಯಾರ್, ಮಸ್ಕಿ ಬಸ್‌ಸ್ಟ್ಯಾಂಡ್ ಎದುರು ಝೆರಾಕ್ಸ್, ಕೊರಿಯರ್ ಅಂಗಡಿ ಇಟ್ಟವನು. ಲಿಂಗಸುಗೂರು, ಸಿಂಧನೂರು, ಹೆಚ್ಚೆಂದರೆ ಹೈದರಾಬಾದಿಗೆ ಪಾರ್ಸೆಲ್ ಕಳಿಸಿಕೊಂಡು ನೆಮ್ಮದಿಯಾಗಿದ್ದೆ. ಆಕೆಯ ಒಂದು ಕೌದಿ ಬಂದು ನನ್ನ ತಲೆ ತಿಂದುಹಾಕಿತು.

ಹಳೆಯ ಸೀರೆ, ಧೋತರ, ಅಂಗಿಯ ತುಂಡು ಜೋಡಿಸಿ ಕೌದಿ ಹೊಲಿಯುವುದರಲ್ಲಿ ನಮ್ಮ ಕಡೆ ಮುದುಕಮ್ಮನನ್ನು ಮೀರಿಸುವವರಿಲ್ಲ. ಬಾಣಂತಿ ಇರುವ ಮನೆಯವರು, ಹೊಸ ಸೊಸೆ ಬರುವ ಮನೆಯವರು ಅರಿವೆಗಂಟು ಹೊತ್ತು ಆಕೆಯ ಬಾಗಿಲಿಗೇ ಬರುತ್ತಾರೆ. ಆದರೆ ಅದರಿಂದ ಒಲೆ ಹೊತ್ತುವುದಿಲ್ಲ. ಹೊಟ್ಟೆಪಾಡಿಗೆ ಆಕೆ ಮದುವೆಯಾದಂದಿನಿಂದಲೂ ಸಿಂಧನೂರು ಕಡೆಯ ವಳಕಮದಿನ್ನಿಗೆ ಬತ್ತದ ನಾಟಿಗೆ ಹೋಗುತ್ತಿದ್ದಳು. ಕೋಳಿ ಕೂಗುವ ಹೊತ್ತಿಗೆ ಟಂಟಂ ಆಟೋ ಹತ್ತಿ, ದಿನವಿಡೀ ಕಾಲುವೆ ನೀರಿನ ಕೆಸರಲ್ಲಿ ಬಗ್ಗಿ ನಿಂತು, ಕಡೆಗೆ ಸೊಂಟ ಕೈಕೊಟ್ಟಿತು. ಹೀಗೇ ಬಗ್ಗುತ್ತಾ ಹೋದರೆ ಒಂದು ದಿನ ಮೇಲೆ ಏಳುವುದೇ ಇಲ್ಲ ಎಂದು ಡಾಕ್ಟರು ಹೇಳಿದರು. ಗಂಡ ಗಾಳೆಪ್ಪನಿಗೆ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡಿ ಮೊಣಕಾಲು ಮೊದಲೇ ಹೋಗಿತ್ತು.

ಆಗ ಒಬ್ಬ ಅಮೆರಿಕದ ಹೆಂಗಸು ಅಶೋಕನ ಶಾಸನ ನೋಡಲು ನಮ್ಮ ಗುಡ್ಡಕ್ಕೆ ಬಂದಳು. ಇಳಿದು ಬರುವಾಗ ಮುದುಕಮ್ಮನ ಗೋಡೆಯ ಮೇಲೆ ಒಣಗಲು ಹಾಕಿದ್ದ ಕೌದಿ ಕಂಡಿತು. ಅಲ್ಲೇ ಕೊಂಡು ತನ್ನ ಬ್ಯಾಗಿನಲ್ಲಿ ಒಯ್ದಳು. ಊರಿಗೆ ಮುಟ್ಟಿದ ಮೇಲೆ ನನ್ನ ಫೋನಿಗೆ ಮೆಸೇಜ್ ಹಾಕಿದಳು. ಮುದುಕಮ್ಮನ ಬಳಿ ಫೋನಿಲ್ಲ, ನನ್ನ ನಂಬರೇ ಕೊಟ್ಟಿದ್ದಳು. ತನ್ನದೊಂದು ಅಂಗಡಿ ಇದೆ, ಮೊದಲು ಒಂದು ಕೌದಿ ನಿಯಮದ ಪ್ರಕಾರ ಕಳಿಸಿ, ಅದು ಸರಿಯಾಗಿ ಮುಟ್ಟಿದರೆ ವರ್ಷವಿಡೀ ತರಿಸಿಕೊಳ್ಳುತ್ತೇನೆ ಎಂದಿದ್ದಳು.

ಮುದುಕಮ್ಮ ಕುಣಿಯುವುದೊಂದು ಬಾಕಿ. ತನ್ನ ಜೊತೆ ನಾಟಿಗೆ ಬರುತ್ತಿದ್ದ ಪಕ್ಕದ ಮನೆಯ ಚಾಂದ್‌ಬೀಯನ್ನೂ ಓಣಿಯ ಇನ್ನಿಬ್ಬರನ್ನೂ ಸೇರಿಸಿಕೊಂಡಳು. "ತಮ್ಮಾ, ಇದೊಂದು ಮುಟ್ಟಿಸಿಬಿಡು. ಇನ್ನ ನಾವು ಯಾರೂ ನೀರಾಗ ಬಗ್ಗಂಗಿಲ್ಲ," ಎಂದಳು. ಒಂದು ಕೌದಿ ತಾನೆ, ಅದರದ್ದೇನು ಮಹಾ, ಎಂದುಕೊಂಡು ನಾನೂ ಹೂಂ ಎಂದುಬಿಟ್ಟೆ.

ನಾನು ಹೂಂ ಅನ್ನುವುದಕ್ಕೂ ಅಮೆರಿಕದವರು ನಿಯಮ ಬದಲಿಸುವುದಕ್ಕೂ ಸರಿಹೋಯಿತು. ಸಣ್ಣ ಪಾರ್ಸೆಲ್‌ಗಳಿಗೆ ಇದ್ದ ಸುಂಕದ ವಿನಾಯಿತಿಯನ್ನೇ ತೆಗೆದುಹಾಕಿದರು. ಅಂಚೆಯಲ್ಲಿ ಅಮೆರಿಕದ ಪಾರ್ಸೆಲ್ ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು. "ಮತ್ತ ಯಾವಾಗ ತಗೋತೀರಿ?" ಎಂದು ಕೇಳಿದರೆ ಅದು ಅವರಿಗೂ ಗೊತ್ತಿಲ್ಲ. ಲಿಂಗಸುಗೂರಿಗೆ ಹೋದೆ, ಅಲ್ಲೂ ಅದೇ ಮಾತು. ಕೌದಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ವಾಪಸ್ ಬಂದೆ.

ಹುಡುಕಿ ಹುಡುಕಿ ಬೆಂಗಳೂರಿನ ಒಬ್ಬ ಏಜೆಂಟನನ್ನು ಹಿಡಿದೆ. ಸುಂಕವನ್ನು ಮುಂಚಿತವಾಗಿ ಕಟ್ಟಬೇಕು ಎಂದ. ಅಮೆರಿಕದಾಕೆ ಕಟ್ಟಲು ಒಪ್ಪಿದಳು. ಸರಿ ಎಂದು ಕಳಿಸಿದರೆ ಪಾರ್ಸೆಲ್ ಬೆಂಗಳೂರಿನಿಂದಲೇ ತಿರುಗಿ ಬಂತು. ಕೌದಿ ಹೊಸ ಬಟ್ಟೆಯದೋ ಹಳೆಯದೋ ಎಂದು ಕೇಳಿದ್ದಕ್ಕೆ ನಾನು ಹಳೆಯದು ಎಂದು ನಿಜ ಬರೆದಿದ್ದೆ. ಉಟ್ಟ ಬಟ್ಟೆ ಗಡಿ ದಾಟಬೇಕಾದರೆ ಹೊಗೆ ಹಾಕಿಸಿ ಕ್ರಿಮಿಕೀಟ ಇಲ್ಲವೆಂದು ಸರ್ಟಿಫಿಕೇಟ್ ತರಬೇಕಂತೆ. ಇದನ್ನು ಮೊದಲೇ ಹೇಳಬಾರದೇನ್ರಿ ಎಂದರೆ, "ಈಗ ಕಟ್ಟುನಿಟ್ಟು ಮಾಡಿದ್ದಾರೆ ಸಾರ್," ಎಂದ ಆ ಪುಣ್ಯಾತ್ಮ.

ಸಿಂಧನೂರಿನಲ್ಲಿ ಅಕ್ಕಿ ಗೋದಾಮುಗಳಿಗೆ ಹೊಗೆ ಹಾಕುವ ಲೈಸೆನ್ಸ್ ಇರುವವನು ಮಸ್ತಾನಸಾಬ. ಅವನ ಮುಂದೆ ಕೌದಿ ಇಟ್ಟೆ. ಅವನು ಕೌದಿ ನೋಡಿದ, ನನ್ನ ಮುಖ ನೋಡಿದ.

"ಕೌದಿಗಿ ಹೊಗಿ ಹಾಕ್ಬೇಕಾ? ತಲಿ ನೆಟ್ಟಗೈತಿಲ್ಲೋ ಮುಕ್ತಿಯಾರ್?"

"ನಂದು ನೆಟ್ಟಗೈತಿ. ಕಾನೂನು ಮಾಡಿದವರನ್ನ ಕೇಳು ಹೋಗು!"

ಅವನು ನಕ್ಕು ನಕ್ಕು ಸಾಕಾಗಿ, ಅಕ್ಕಿ ಮೂಟೆಗಳ ನಡುವೆ ಕೌದಿಯನ್ನಿಟ್ಟು ಹೊಗೆ ಹಾಕಿ ಸರ್ಟಿಫಿಕೇಟ್ ಕೊಟ್ಟ. ಮತ್ತೆ ಕಳಿಸಿದೆ. ಮತ್ತೆ ತಿರುಗಿ ಬಂತು! ಈ ಸಲ ಏಜೆಂಟನೇ ಫೋನಿನಲ್ಲಿ ನನ್ನ ಮೇಲೆ ರೇಗಿದ. ಸ್ಕ್ಯಾನ್ ಮಾಡಿದಾಗ ಕೌದಿಯ ನಡುವೆ ಕಾಳು ಕಂಡಿವೆಯಂತೆ. ಕಾಳು ಕಳಿಸಬೇಕಾದರೆ ಅದರ ಕಾಗದಪತ್ರವೇ ಬೇರೆ, ಇಲಾಖೆಯೇ ಬೇರೆ. ಅಮೆರಿಕದಾಕೆಗೂ ಬೇಸರ ಬಂದಿತ್ತು. ಇದೊಂದು ಸಲ ಕಾಯುತ್ತೇನೆ, ಈಗಲೂ ಬರದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದು ಬರೆದಳು.

ಕೌದಿಯನ್ನು ಕೌಂಟರ್ ಮೇಲೆ ಒಗೆದು ಮುದುಕಮ್ಮನನ್ನು ಕರೆಸಿದೆ.

"ಯವ್ವಾ, ಇದರಾಗ ಕಾಳು ಯಾಕ ಹಾಕಿದಿ?"

"ಇದೇನ್ ಕೇಳ್ತಿ ತಮ್ಮಾ?" ಆಕೆಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಕೌದಿ ಹೊಟ್ಟಿ ಖಾಲಿ ಇಡ್ತಾರೇನು?"

ಕೌದಿ ಹೊಲಿದು ಮುಗಿಸುವಾಗ ನಡುವಿನ ಒಂದು ತುಂಡನ್ನು ಚೀಲದ ಹಾಗೆ ಬಿಟ್ಟು, ಅದರಲ್ಲಿ ನಾಲ್ಕು ಕಾಳು ಜೋಳ, ಒಣಗಿದ ಹೋಳಿಗೆಯ ಚೂರು ಇಟ್ಟು ಬಾಯಿ ಹೊಲಿಯುತ್ತಾರಂತೆ. ಅದು ಕೌದಿಯ ಹೊಟ್ಟೆ. ಅದು ಖಾಲಿ ಇದ್ದರೆ ಹೊದ್ದವರಿಗೆ ಹಸಿವು ತಪ್ಪುವುದಿಲ್ಲವಂತೆ. ಹುಟ್ಟಿದಾಗಿನಿಂದ ಕೌದಿ ಹೊದ್ದೇ ಮಲಗಿದವನು ನಾನು, ಒಳಗೇನಿದೆ ಎಂದು ಯಾವತ್ತು ನೋಡಿದ್ದೆ? ಬ್ಯಾಗಿನಲ್ಲಿ ಅಮೆರಿಕದಾಕೆ ಒಯ್ದ ಮೊದಲ ಕೌದಿಯಲ್ಲೂ ಕಾಳಿದ್ದವು, ಅದನ್ನು ಯಾರೂ ತಡೆಯಲಿಲ್ಲ. ಇದಕ್ಕೆ ಮಾತ್ರ ನೂರೆಂಟು ಕಾನೂನು.

"ಅಲ್ಲಿ ಯಾರೂ ಹಸದು ಮಲಗಂಗಿಲ್ಲ ಬೇ! ಅದು ಅಮೆರಿಕಾ!" ಎಂದು ಕೂಗಿದೆ.

"ಎಲ್ಲಾರೂ ಉಂಡೇ ಮಲಗ್ತಾರಂತ ನೀ ನೋಡಿ ಬಂದೀಯೇನು?"

"ಹಂಗಾದ್ರ ಬಿಡು. ಎಲ್ಲಾರೂ ಮತ್ತ ಟಂಟಂ ಹತ್ರಿ. ನಂದೇನ್ ಹೋಗತೈತಿ?"

ಅಂದುಬಿಟ್ಟೆ. ಅನ್ನಬಾರದಿತ್ತೋ ಏನೋ, ಆದರೆ ಸಿಟ್ಟು ನೆತ್ತಿಗೇರಿತ್ತು. ಮುದುಕಮ್ಮ ಕೌದಿಯನ್ನು ತನ್ನ ಕಡೆ ಎಳೆದುಕೊಂಡಳು. ತನ್ನವ್ವ ಉಪವಾಸ ಇದ್ದಾಗಲೂ ಕೌದಿಗೆ ತುತ್ತು ಇಟ್ಟಿದ್ದಾಳೆ ಎಂದು ಮೆಲ್ಲಗೆ ಹೇಳಿದಳು. ಆಮೇಲೆ, "ಚಾಂದ್‌ಬೀ ಇನ್ನ ಬರಂಗಿಲ್ಲಂತ ಟಂಟಂದವನಿಗಿ ಹೇಳಿಬಿಟ್ಟಾಳ. ಬ್ಲೇಡ್ ಕೊಡು," ಎಂದಳು.

ಕೊಟ್ಟೆ. ತಾನು ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಕಾಳು, ಹೋಳಿಗೆಯ ಚೂರು ಒಂದೂ ಬಿಡದೆ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಸೂಜಿ ತೆಗೆದು ಖಾಲಿ ಚೀಲದ ಬಾಯಿ ಹೊಲಿದಳು. ನನಗೆ ಕೆಟ್ಟದೆನಿಸಿತು. ಆದರೂ ಪ್ಯಾಕ್ ಮಾಡಿದೆ.

ಮುಟ್ಟಿತು! ಅಮೆರಿಕದಾಕೆಗೆ ಖುಷಿಯೋ ಖುಷಿ. ಇಷ್ಟು ಬೇಕು, ಇಂಥ ಬಣ್ಣದವು ಬೇಕು ಎಂದು ಉದ್ದಕ್ಕೆ ಬರೆದಳು. ಚಾಂದ್‌ಬೀ ಓಣಿಗೆಲ್ಲ ಸಕ್ಕರೆ ಹಂಚಿದಳು. ಆಕೆ, ಓಣಿಯ ಆ ಇಬ್ಬರು, ಮೂವರೂ ಹೊಲಿಯಲು ಕೂತರು. ಹೊಟ್ಟೆಯಿಲ್ಲದ ಕೌದಿಗಳು ಒಂದೊಂದಾಗಿ ನನ್ನ ಅಂಗಡಿಗೆ ಬರತೊಡಗಿದವು. ಮುದುಕಮ್ಮನದು ಮಾತ್ರ ಒಂದೂ ಬರಲಿಲ್ಲ.

ಒಂದು ಬೆಳಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದೆ. ಎದುರಿಗೆ ವಳಕಮದಿನ್ನಿಯ ಟಂಟಂನಲ್ಲಿ, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಮುದುಕಮ್ಮ ಕೂತಿದ್ದಾಳೆ! ನನಗೆ ಮೈಯೆಲ್ಲ ಉರಿದುಹೋಯಿತು. ಓಡಿದೆ.

"ಹುಚ್ಚ ಹಿಡದೈತೇನು ನಿನಗ? ಡಾಕ್ಟರ್ ಏನ್ ಹೇಳ್ಯಾರ? ನಾ ಇಷ್ಟೆಲ್ಲಾ ಒದ್ದಾಡಿದ್ದು ಯಾರ ಸಲುವಾಗಿ? ಇಳಿ ಕೆಳಗ!"

"ಬೈಬ್ಯಾಡ ತಮ್ಮಾ. ಅವರು ಹೊಲೀಲಿ, ನಾ ಬ್ಯಾಡನ್ನಂಗಿಲ್ಲ. ನನ್ನ ಕೈಲೆ ಆಗವಲ್ದು. ಒಂದ್ ಕಳಿಸೀನಿ, ಅದನ್ನ ನೆನಸಿಕೊಂಡ್ರ ತುತ್ತು ಇಳಿಯಂಗಿಲ್ಲ."

"ನಾಲ್ಕು ಕಾಳಿನ ಸಲುವಾಗಿ ಸೊಂಟ ಮುರಕೊಂತಿ?"

ಟಂಟಂ ಶುರುವಾಯಿತು. ಆಕೆ ನನ್ನ ಕೈ ಹಿಡಿದುಕೊಂಡಳು.

"ಫೋನಿನಾಗ ಆ ಅಮೆರಿಕದಾಕಿಗಿ ಒಂದ್ ಮಾತು ಬರಿ ತಮ್ಮಾ. ಆ ಕೌದಿ ಯಾರು ತಗೊಂಡಾರೋ ಅವರಿಗಿ ಹೇಳಬೇಕಂತ. ದಿನಾ ಉಂಡು ಹೊದ್ಕೊಳ್ರಿ, ಹಸದು ಮಕ್ಕೊಬ್ಯಾಡ್ರಿ ಅಂತ."